ಡಿಕ್ಕಿಯಲ್ಲಿ ಉಳಿದ ಹಗ್ಗ

ನನ್ನ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿ ಚಕ್ರದ ಪಕ್ಕದಲ್ಲಿ, ಒಂದು ಹೊಸ ಹಗ್ಗ ಬಿದ್ದಿದೆ. ಗುಂಡ್ಲುಪೇಟೆಯಲ್ಲಿ ಕೊಂಡದ್ದು. ದನದ ಕೊರಳಿಗೆ ಒರಟಾಗಬಾರದೆಂದು ಅಂಗೈಯಲ್ಲಿ ಉಜ್ಜಿ ನೋಡಿ, ನಾಲ್ಕು ಹಗ್ಗ ಬೇಡವೆಂದು ಐದನೆಯದನ್ನು ಆರಿಸಿದ್ದೆ. ಇದುವರೆಗೆ ಅದು ಯಾವ ದನದ ಕೊರಳನ್ನೂ ಕಂಡಿಲ್ಲ. ಊರಿಗೆ ಹೊರಟು ಬ್ಯಾಗು ಇಡುವಾಗಲೆಲ್ಲ ಹೆಂಡತಿ "ಇದನ್ನ ಯಾರಿಗಾದ್ರೂ ಕೊಟ್ಟುಬಿಡಬಾರ್ದಾ" ಎನ್ನುತ್ತಾಳೆ. ನಾನು ಡಿಕ್ಕಿ ಮುಚ್ಚಿ ಬೇರೆ ಮಾತು ತೆಗೆಯುತ್ತೇನೆ.

ನಾನು ಪಶುವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡುವವನು. ಕೊನೆಯ ವರ್ಷದ ಹುಡುಗ ಹುಡುಗಿಯರು ಹಳ್ಳಿ ತರಬೇತಿಗೆಂದು ಚಾಮರಾಜನಗರಕ್ಕೆ ಬರುತ್ತಾರೆ. ಇಲ್ಲಿನ ದನ, ಕುರಿ, ಮೇಕೆಗಳ ತಳಿ ಗುರುತಿಸುವುದನ್ನೂ ಅವುಗಳ ಯೋಗಕ್ಷೇಮ ನೋಡುವುದನ್ನೂ ಅವರಿಗೆ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಒಂದು ಕಡೆ ನಿಂತು ಪಾಠ ಮಾಡುವುದು ನನ್ನಿಂದ ಆಗುವುದಿಲ್ಲ. ತರಗತಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಇರುತ್ತೇನೆ. ನನ್ನನ್ನು ನೋಡಿ ನೋಡಿ ಕತ್ತು ನೋವು ಬಂತೆಂದು ಹುಡುಗರು ಆಡಿಕೊಳ್ಳುತ್ತಾರೆಂಬುದು ಗೊತ್ತು. ಅದಕ್ಕೇ ಬೆಳಿಗ್ಗೆ ಆಗುತ್ತಲೇ ಅವರನ್ನು ವ್ಯಾನಿಗೆ ತುಂಬಿಕೊಂಡು ಯಾವುದಾದರೂ ಊರಿಗೆ ಹೊರಟುಬಿಡುತ್ತೇನೆ. ಚಿತ್ರ ನೋಡಿ ಹಳ್ಳಿಕಾರ್ ಎಂದು ಸಲೀಸಾಗಿ ಬರೆದವರು ಜೀವ ಇರುವ ಹಳ್ಳಿಕಾರ್ ಎದುರಿಗೆ ಬಂದಾಗ ತಡಬಡಿಸುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ನಾನು ಇನ್ನೂ ಚೆನ್ನಾಗಿ ಪಾಠ ಮಾಡುತ್ತೇನೆ ಎಂಬ ಜಂಬವೂ ನನಗಿತ್ತು.

ದನ ನೋಡುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ನನ್ನ ಅಪ್ಪನ ಹತ್ತಿರ. ಅವರು ತೆರಕಣಾಂಬಿ ಕಡೆಯ ಬೇಸಾಯಗಾರರು, ಸುಳಿ ನೋಡುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾಗಿದ್ದವರು. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದಿರುವ ಜಾಗವೇ ಸುಳಿ. ಅದು ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದನ್ನು ನೋಡಿ ಈ ದನ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುತ್ತಾರೆ. ಎತ್ತು ಕೊಳ್ಳುವ ಮುಂಚೆ ಜನ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು, ನಾನೂ ಅವರ ಹಿಂದೆ ಓಡುತ್ತಿದ್ದೆ. ಅಂಗೈ ಒದ್ದೆ ಮಾಡಿಕೊಂಡು ಕೂದಲಿಗೆ ಎದುರಾಗಿ ಸವರಿದರೆ ಅಡಗಿಕೊಂಡ ಸುಳಿ ಎದ್ದು ಕಾಣುತ್ತದೆಂದು ತೋರಿಸಿಕೊಟ್ಟವರು ಅವರೇ. ಹಿಣಿಲಿನ, ಎಂದರೆ ಭುಜದ ಮೇಲಿನ ಡುಬ್ಬದ ಹಿಂದೆ, ಬೆನ್ನಿನ ಎಡಮಗ್ಗುಲಲ್ಲಿ ಜೋಡಿಯಾಗಿ ಬರುವ ಸುಳಿಗೆ ಅವರು ಚಟ್ಟದ ಸುಳಿ ಎನ್ನುತ್ತಿದ್ದರು. ಅಂಥ ದನವನ್ನು ಕಟ್ಟಿಕೊಂಡ ಯಜಮಾನ ಬೇಗ ಚಟ್ಟ ಏರುತ್ತಾನಂತೆ. ನಮ್ಮ ಕೊಟ್ಟಿಗೆಗೆ ಅಂಥದ್ದೊಂದೂ ಬಂದಿರಲಿಲ್ಲ. ಆದರೂ ಅಪ್ಪ ಐವತ್ತನಾಲ್ಕಕ್ಕೇ ಎದೆನೋವು ಬಂದು ತೀರಿಕೊಂಡರು. ಸುಳಿಯೆಲ್ಲ ಸುಳ್ಳು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ ಎಂದು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಕೇಳುತ್ತಿದ್ದೆ.

ಆ ದಿನ ನಾವು ಹೋದದ್ದು ಹರವೆ ಕಡೆಯ ಒಂದು ಊರಿಗೆ. ಅಲ್ಲೊಬ್ಬ ಹೆಂಗಸು ಒಳ್ಳೆಯ ಹಳ್ಳಿಕಾರ್ ಹೋರಿ ಸಾಕಿದ್ದಾರೆಂದು ಕೇಳಿದ್ದೆ. ಐವತ್ತರ ಆಸುಪಾಸಿನವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಎರಡು ಎಕರೆಯಲ್ಲಿ ಅರಿಶಿನ ಇಟ್ಟಿದ್ದರು. ಹೋರಿಯನ್ನು ಹಟ್ಟಿಯ ಮುಂದಕ್ಕೆ ಹಿಡಿದು ತಂದು ನಿಲ್ಲಿಸಿದರು. ಎರಡು ಹಲ್ಲಿನದು, ಎಂದರೆ ಮೂರು ವರ್ಷಕ್ಕೆ ಬಿದ್ದಿತ್ತು. ಬೂದು ಬಣ್ಣ, ಉದ್ದ ಮುಖ, ನಡುವೆ ಗೀಟು ಎಳೆದಂತಿರುವ ಉಬ್ಬಿದ ಹಣೆ, ಹಿಂದಕ್ಕೆ ಬಾಗಿ ಮೇಲಕ್ಕೆ ಹೋದ ಕೊಂಬು. ಪುಸ್ತಕದಲ್ಲಿ ಬರೆದದ್ದೆಲ್ಲ ಅದರ ಮೈಮೇಲಿತ್ತು. ಪಕ್ಕದ ಮನೆಯ ಯಜಮಾನನೂ ಬಂದು ಬೇಲಿ ಹತ್ತಿರ ನಿಂತ. ಅವನ ಹತ್ತಿರ ಇದೇ ವಯಸ್ಸಿನ ಇನ್ನೊಂದು ಹೋರಿ ಇತ್ತು. ಕರುಗಳಾಗಿದ್ದಾಗಿನಿಂದ ಎರಡನ್ನೂ ಜೊತೆ ಮಾಡಿ, ಮರದ ದಿಮ್ಮಿ ಎಳೆಸಿ ಪಳಗಿಸಿದ್ದರು. ಬೆಳೆದ ಅರಿಶಿನದ ಸಾಲಿನ ನಡುವೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ, ಎತ್ತು ಕಟ್ಟಿ ಕುಂಟೆ ಹೊಡೆದೇ ಕಳೆ ತೆಗೆಯಬೇಕು. ಒಂದೊಂದೇ ಹೋರಿ ಇರುವ ಎರಡು ಮನೆಯವರು ಕೂಡಿ ಒಂದು ಜೊತೆ ಮಾಡಿಕೊಂಡಿದ್ದರು.

ಮೊದಲು ಯೋಗಕ್ಷೇಮದ ಪಾಠ ಮಾಡಿದೆ. ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಕೈ ಮುಂದೆ ಚಾಚಿಕೊಂಡು ದನದ ಮುಖದ ಕಡೆಗೆ ನಿಧಾನವಾಗಿ ನಡೆಯಬೇಕು, ಅದು ಎಷ್ಟು ದೂರದಲ್ಲಿ ಹಿಂದೆ ಸರಿಯುತ್ತದೆಂದು ಅಳೆದು ಫಾರಮಿನಲ್ಲಿ ಬರೆಯಬೇಕು. ಹೊಡೆಸಿಕೊಂಡ ದನ ದೂರದಿಂದಲೇ ಸರಿಯುತ್ತದೆ. ನಾನೇ ನಡೆದು ತೋರಿಸಿದೆ. ಹೋರಿ ಸರಿಯುವುದಿರಲಿ, ತಾನೇ ಮೂತಿ ಮುಂದೆ ತಂದು ನನ್ನ ಬೆರಳು ನೆಕ್ಕಿತು. ದೂರ ಸೊನ್ನೆ ಎಂದು ಬರೆಸಿದೆ. ಆ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ವಿದ್ಯಾರ್ಥಿಯೊಬ್ಬ "ಸುಳಿ ನೋಡ್ತಾರಂತಲ್ಲ ಸಾರ್, ಹೇಗೆ?" ಎಂದು ಕೇಳಿದ. ಕೇಳಿದ್ದೇ ತಡ, ಹೋರಿಗೆ ಕುಡಿಯಲು ಇಟ್ಟಿದ್ದ ಕಲಗಚ್ಚಿನ ಬಾನಿಯಲ್ಲಿ ಅಂಗೈ ಅದ್ದಿಕೊಂಡು ಹೋರಿಯ ಬೆನ್ನಿನ ಮೇಲೆ ಎದುರಾಗಿ ಸವರಿದೆ. ಹೋರಿ ಸುಖವಾಗಿ ನನಗೆ ಒರಗಿಕೊಂಡಿತು. ಹಿಣಿಲಿನ ಹಿಂದೆ ಎಡಕ್ಕೆ ಕೈ ಹೋದಾಗ ಎರಡು ಪುಟ್ಟ ಸುಳಿಗಳು ಜೋಡಿಯಾಗಿ ಎದ್ದವು. ನನಗೆ ಆಗ ಆದದ್ದು ಸಂತೋಷ. ಸುಳ್ಳು ಹೇಳಲಾರೆ. ನಲವತ್ತೈದು ವರ್ಷದ ಮೇಲೂ ಅಪ್ಪ ಕಲಿಸಿದ್ದು ಕೈಯಲ್ಲಿ ಉಳಿದಿದೆಯಲ್ಲ ಎಂಬ ಹಿಗ್ಗು. "ಇಲ್ಲಿ ನೋಡಿ, ಇದೇ ಚಟ್ಟದ ಸುಳಿ" ಎಂದು ತರಗತಿಯಲ್ಲಿ ಹೇಳುವ ಗಂಟಲಿನಲ್ಲೇ ಹೇಳಿದೆ. ತಂಡದಲ್ಲಿ ಕೇರಳದವರೂ ಉತ್ತರದ ಕಡೆಯವರೂ ಇದ್ದುದರಿಂದ ಮುಂದಿನದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕರು ಹೊಟ್ಟೆಯಲ್ಲಿರುವಾಗಲೇ ಕೂದಲು ಹೇಗೆ ತಿರುಗುತ್ತದೆ, ಅದಕ್ಕೂ ಮನುಷ್ಯನ ಆಯಸ್ಸಿಗೂ ಏಕೆ ಸಂಬಂಧವಿಲ್ಲ, ಇಂಥ ನಂಬಿಕೆಯಿಂದ ಏನೂ ತಪ್ಪು ಮಾಡದ ಪ್ರಾಣಿಗಳು ಎಷ್ಟು ಕಷ್ಟಪಡುತ್ತವೆ ಎಂದೆಲ್ಲ ಹತ್ತು ನಿಮಿಷ ಹೇಳಿದೆ. ಹುಡುಗರು ಬರೆದುಕೊಂಡರು. ಬೇಲಿಯ ಹತ್ತಿರ ನಿಂತಿದ್ದವನು ಎಲೆಅಡಿಕೆ ಉಗಿದು ಮನೆ ಕಡೆಗೆ ಹೊರಟ. ಅವನಿಗೆ ಏನೋ ಕೆಲಸವಿರಬೇಕು ಎಂದುಕೊಂಡೆ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ನಮ್ಮ ಕಡೆಯವಳೇ ಆದ ಒಬ್ಬ ಹುಡುಗಿ ಹಿಂದಿನ ಸೀಟಿನಿಂದ ಎದ್ದು ಬಂದು "ಸಾರ್, ಆ ಅಮ್ಮನ ಕಣ್ಣಲ್ಲಿ ನೀರಿತ್ತು" ಎಂದಳು. ದನ ನೋಡಲು ಬಂದವಳು ದನ ನೋಡು ಎಂದು ರೇಗಿದೆ. ಅವಳು ಹೋಗಿ ಕೂತಳು. ಊರು ಸೇರುವವರೆಗೂ ನಾನು ಕಿಟಕಿಯ ಗಾಜು ಏರಿಸುವುದು ಇಳಿಸುವುದು ಮಾಡುತ್ತಿದ್ದೆ.

ಮೂರು ದಿನ ಹೇಗೋ ಕಳೆದು ನಾಲ್ಕನೆಯ ದಿನ ಒಬ್ಬನೇ ಹೋದೆ. ನಾನು ಹೆದರಿದ್ದೇ ಆಗಿತ್ತು. ಪಕ್ಕದ ಮನೆಯವನು ಜೊತೆ ಮುರಿದಿದ್ದ. ನೇರವಾಗಿ ಅವನ ಜಗಲಿಗೇ ಹೋಗಿ ಕೇಳಿದೆ.

"ಕೂತ್ಕಳಿ ಸಾ" ಎಂದ. "ನಂಗೇನ್ ಗೊತ್ತಿತ್ತು ಆ ಸುಳಿ? ನೀವೇ ತಾನೆ ತೋರ್ಸುದ್ದು."

"ಅದು ಸುಳ್ಳು ಅಂತಲೂ ಹೇಳಿದೆನಲ್ಲ."

"ಯಾವಾಗ ಏಳುದ್ರಿ? ಎಸ್ರು ಏಳುದ್ದ ಕೇಳುಸ್ಕಂಡಿ. ಆಮೇಕ ಮಕ್ಕಳ್ಗ ಇಂಗ್ಲೀಸ್ನಲ್ಲಿ ಏನೇನೋ ಏಳುದ್ರಿ. ಅದು ನಮ್ಗ ಎಂಗ ಗೊತ್ತಾದ್ದು?"

ಅವನು ಹೇಳಿದ್ದು ನಿಜ. ಹೆದರಿಸುವ ಅರ್ಧವನ್ನು ಅವನ ಭಾಷೆಯಲ್ಲಿ ಹೇಳಿ, ಧೈರ್ಯ ಕೊಡುವ ಅರ್ಧವನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಹೇಳಿದ್ದೆ. ಎಷ್ಟೋ ವರ್ಷದಿಂದ ಎಷ್ಟೋ ಊರುಗಳಲ್ಲಿ ಹೀಗೇ ಮಾಡಿಕೊಂಡು ಬಂದಿದ್ದೇನೆ ಎಂದು ಆಗ ಹೊಳೆಯಿತು. ಈಗ ಕನ್ನಡದಲ್ಲೇ ಹೇಳುತ್ತಿದ್ದೇನೆ, ಅದರಲ್ಲಿ ಏನೂ ಇಲ್ಲ ಎಂದೆ.

"ನೀವು ಈಗ ಏಳೀರಿ ಸಾ. ಅವತ್ತು ಸುಳಿ ಕಂಡಾಗ ನಿಮ್ ಮೊಕ ನೋಡ್ದಿ ನಾನು. ನಮ್ಮೂರ್ಗ ಸುಳಿ ನೋಡಕ ಬತ್ತಿದ್ದ ನಿಮ್ಮಪ್ಪಾರ್ ಮೊಕದಂಗೇ ಆಗಿತ್ತು. ಅವ್ರು ಏಳುದ್ರ ತಪ್ತಿರ್ನಿಲ್ಲ." ಆಮೇಲೆ ಮೆತ್ತಗಾಗಿ ಅವನೇ ಬಿಡಿಸಿ ಹೇಳಿದ. "ಒಂದ್ ವಾರ ನಮ್ ಕೊಟ್ಗ, ಒಂದ್ ವಾರ ಅವ್ರ ಕೊಟ್ಗ ಅಂತ ಮಾತಾಗಿತ್ತು. ನಮ್ ಕೊಟ್ಗಲಿ ಇರೋ ವಾರ ಯಜಮಾನ ನಾನೇ ಅಲ್ವಾ? ನಂಗೂ ಚಿಕ್ ಮಕ್ಳವ. ಸುಳಿ ಸುಟ್ಬುಟ್ರ ದೋಸ ಓಯ್ತದ. ಆದ್ರ ಓರಿ ಸಾಕಿರೋ ಅತ್ಗ ಒಪ್ಪಲ್ಲ ಅಂತವ್ರ."

ಸುಡುವುದೆಂದರೆ ಬರೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ಸುಳಿ ಇರುವ ಚರ್ಮದ ಮೇಲೆ ಒತ್ತುವುದು. ಬರೆ ಬಿದ್ದ ದನಗಳ ಫೋಟೋಗಳನ್ನು ನಾನು ಪ್ರತಿ ವರ್ಷ ಪರದೆಯ ಮೇಲೆ ತೋರಿಸುತ್ತೇನೆ. ಕಾರಣ ಏನೆಂದು ಕೇಳಿದರೆ ಹುಡುಗರು ಅಜ್ಞಾನ ಎಂದು ಬರೆಯಬೇಕು, ಅದಕ್ಕೆ ಒಂದು ಅಂಕ.

ಆ ಹೆಂಗಸು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಹಗುರವಾಗುತ್ತಿತ್ತು. ಟೀ ಕೊಟ್ಟು ಎದುರಿಗೆ ಕೂತರು. "ಉಟ್ಟುದ್ ದಿಸ್ವೇ ನೋಡ್ದಿ ಸಾ ಆ ಸುಳಿಯ" ಎಂದರು. "ಕಂಡೂ ಸುಮ್ಗಿದ್ದಿ. ಕಲ್ಗಚ್ಚು ಕುಡ್ಸಿ ಸಾಕಿರೋ ಮಯ್ಗ ಕಾದ ಕುಡ್ಲ ಇಡಕ ಮನ್ಸ್ ಬರ್ನಿಲ್ಲ. ಮೂರ್ ವರ್ಸಾಯ್ತು, ನಂಗೇನೂ ಆಗ್ನಿಲ್ಲ." ಹೊರಟಾಗ ಕಾರಿನವರೆಗೆ ಬಂದರು.

"ಒಂದ್ ಮಾತ್ ಕೇಳ್ಲಾ ಸಾ? ಕೆಡುಕು ಬರಾದು ಯಜಮಾನ್ಗ ತಾನೆ? ನೀವೇ ಯಜಮಾನ್ರಾಗ್ಬುಡಿ. ಒಂದ್ ಒಸ ಅಗ್ಗ ತಂದು ನಿಮ್ ಕೈಲಿ ಕಟ್ಟಿ. ನಿಮ್ ಓರಿಯ ನಾವಿಬ್ರೂ ಪಾಲ್ಗ ಸಾಕ್ತೀವಿ ಅಂತಾಯ್ತದ. ಅವ್ನೂ ಒಪ್ಯವ್ನ. ನಿಮ್ಗ ಎಂಗೂ ನಂಬ್ಕ ಇಲ್ಲವಲ್ಲ."

ನಮ್ಮ ಕಡೆ ದನ ಕೈ ಬದಲಾಗುವಾಗ ಹಳೆಯ ಹಗ್ಗ ಸಾಕಿದವರ ಮನೆಯಲ್ಲೇ ಉಳಿಯುತ್ತದೆ, ಹೊಸ ಯಜಮಾನ ತನ್ನ ಹಗ್ಗ ಕಟ್ಟಿದಾಗಲೇ ಅದು ಅವನದು. ಅವರು ಕೇಳಿದ್ದು ಅಷ್ಟೇ. ಅದಕ್ಕಿಂತ ಜಾಣತನದ ಪರಿಹಾರ ನನಗೆ ಹೊಳೆದಿರಲಿಲ್ಲ. ಆಗಲಿ ಅಕ್ಕ, ಬರುತ್ತೇನೆ ಎಂದೆ. "ಮುಂದಿನ್ ವಾರ ಕುಂಟ ಒಡೀಬೇಕು ಸಾ, ಅಷ್ಟ್ರಲ್ಲಿ ಬನ್ನಿ" ಎಂದರು. ಆ ಸಂಜೆಯೇ ಗುಂಡ್ಲುಪೇಟೆಗೆ ಹೋಗಿ ಹಗ್ಗ ಕೊಂಡೆ.

ಮಾರನೆಯ ದಿನ ಹೋಗಬಹುದಿತ್ತು. ಇಲಾಖೆಯ ಮೀಟಿಂಗ್ ಇತ್ತು. ಅದರ ಮಾರನೆಯ ದಿನ ಉತ್ತರಪತ್ರಿಕೆ ನೋಡಬೇಕಿತ್ತು. ಆಮೇಲೆ ಮಗಳ ಸೀಟು ಹಂಚಿಕೆಯ ಪಟ್ಟಿ ಬರುವುದಿತ್ತು, ಅದೊಂದು ಮುಗಿಯಲಿ ಎಂದುಕೊಂಡೆ. ಹೋರಿಯ ಹಗ್ಗಕ್ಕೂ ಮಗಳ ಸೀಟಿಗೂ ಏನು ಸಂಬಂಧ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಒಂದು ದಿನ ಹೊರಟೇ ಬಿಟ್ಟೆ. ಅರ್ಧ ದಾರಿಯಲ್ಲಿ ಇವತ್ತು ಶನಿವಾರವಲ್ಲವೇ ಎಂದು ನೆನಪಾಯಿತು. ಹಾಗೆ ನೆನಪಾದದ್ದಕ್ಕೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಸಿಟ್ಟಿನಲ್ಲೇ ಗಾಡಿ ತಿರುಗಿಸಿದೆ. ಮನೆಯಲ್ಲಿ ಕೂತರೆ ಕಾಲು ನಿಲ್ಲುತ್ತಿರಲಿಲ್ಲ. ನನಗೆ ಐವತ್ಮೂರು, ಅಪ್ಪ ತೀರಿಕೊಂಡ ವಯಸ್ಸಿಗೆ ಇನ್ನೊಂದೇ ವರ್ಷ ಎಂಬ ಲೆಕ್ಕ ಹಲ್ಲುಜ್ಜುವಾಗಲೂ ತಲೆಯಲ್ಲಿ ಓಡುತ್ತಿತ್ತು.

ಭಾನುವಾರ ಮನೆಯವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋಣ ಎಂದರು. ಬೇರೆ ಯಾವಾಗಲಾದರೂ ಬೇಡ ಎನ್ನುತ್ತಿದ್ದವನು ಅಂದು ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡೆ. ಬೆಟ್ಟದ ಕೆಳಗೆ ಕಾರು ಬಿಟ್ಟು ಬಸ್ಸು ಹತ್ತಿದೆವು. ಮೇಲೆ ಮಂಜು, ಗಾಳಿ. ಗುಡಿಯಲ್ಲಿ ತೀರ್ಥ ತೆಗೆದುಕೊಂಡು ಕಣ್ಣು ಮುಚ್ಚಿದವನ ಬಾಯಿಂದ ಬಂದದ್ದು ಒಂದೇ ಮಾತು, ಆ ಹಗ್ಗ ಕಟ್ಟಿದರೆ ನನಗೇನೂ ಆಗದಿರಲಿ ಸ್ವಾಮಿ. ಕಣ್ಣು ಬಿಟ್ಟಾಗ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಾಯಿತು. ಮೂವತ್ತು ವರ್ಷ ಓದಿದ್ದು, ಹೇಳಿಕೊಟ್ಟದ್ದು, ಅಂಕ ಕೊಟ್ಟದ್ದು, ಅಂಕ ಕಳೆದದ್ದು ಎಲ್ಲ ಒಂದು ಕಡೆ, ನನ್ನ ಹೆದರಿಕೆಯೇ ಒಂದು ಕಡೆ ಇತ್ತು. ಅದು ಗೊತ್ತಾದ ಮೇಲೂ ಸೋಮವಾರ ಹೋಗಲಿಲ್ಲ.

ಎಂಟನೆಯ ದಿನ ಹೋದೆ. ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಹಟ್ಟಿಯೊಳಗೆ ಕಾಲಿಟ್ಟೆ. ಹೋರಿಯನ್ನು ಹುಣಿಸೆಮರದ ನೆರಳಿಗೆ ಕಟ್ಟಿದ್ದರು. ಹಿಣಿಲಿನ ಹಿಂದೆ, ಎಡಮಗ್ಗುಲಲ್ಲಿ, ಅಂಗೈಯಗಲ ಸುಟ್ಟಿತ್ತು. ಅರಿಶಿನ ಮೆತ್ತಿದ್ದರು, ಅದರ ಮೇಲೆ ನೊಣ ಕೂತಿತ್ತು. ಪಕ್ಕದ ಮನೆಯವನ ಹೋರಿಯನ್ನೂ ಅದೇ ಮರಕ್ಕೆ ತಂದು ಕಟ್ಟಿದ್ದರು.

ಹೆಂಗಸು ಒಳಗಿಂದ ಬಂದು ನನ್ನ ಕೈಯಲ್ಲಿದ್ದ ಹಗ್ಗ ನೋಡಿದರು. "ವಾರ ಕಾದಿ ಸಾ" ಎಂದರು.

"ಕೆಲಸ ಇತ್ತು ಅಕ್ಕ."

"ಇರ್ತದ ಬುಡಿ. ನಂಬ್ಕ ಇಲ್ದೋರ್ಗೇ ಒಂದ್ ಅಗ್ಗ ಕಟ್ಟಕ ವಾರ ಬೇಕಾಯ್ತು ಅಂದ್ರ ಅದ್ರಲ್ಲಿ ಏನೋ ಅದ ಅಂತಲೇ ಅಲ್ವಾ? ಮೂರ್ ವರ್ಸ ಎದ್ರದೇ ಇದ್ದೋಳು ನಾನೂ ಎದ್ರುಬುಟ್ಟಿ. ನಾನೇ ಕುಡ್ಲ ಕಾಯ್ಸ್ದಿ. ಬ್ಯಾರೇವ್ರ ಕೈಲಿ ಆಕ್ಸುದ್ರ ಜೋರಾಗಿ ಒತ್ಬುಡ್ತಾರ ಅಂತ."

ಕಾರಿಗೆ ಹೋಗಿ ಮುಲಾಮು ತಂದೆ. ಗಾಯ ತೊಳೆಯುವಾಗ ಹೋರಿ ನಡುಗಿತು, ಕಾಲು ಝಾಡಿಸಿತು. ಅವರು ಅದರ ಮುಖವನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಏನೇನೋ ಮಾತಾಡಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ನಾನು ಈಗಲಾದರೂ ಕಟ್ಟುತ್ತೇನೆ ಎಂದು ಹಗ್ಗ ಎತ್ತಿಕೊಂಡೆ.

"ಬ್ಯಾಡಿ ಸಾ" ಎಂದರು. "ಈಗ ಅದ್ರ ಮಯ್ಲಿ ಸುಳಿ ಇಲ್ಲ. ಈಗಾದ್ರ ಯಾರ್ ಬೇಕಾದ್ರೂ ಕಟ್ತಾರ."

ಗಾಯ ಮಾಯುವವರೆಗೆ ದಿನ ಬಿಟ್ಟು ದಿನ ಹೋದೆ. ಈ ಸಲ ಮೀಟಿಂಗೂ ಅಡ್ಡ ಬರಲಿಲ್ಲ, ಶನಿವಾರವೂ ಅಡ್ಡ ಬರಲಿಲ್ಲ. ಸತ್ತ ಚರ್ಮ ಬಿಡಿಸಬೇಕಿತ್ತು, ತೊಳೆಯಬೇಕಿತ್ತು, ಅದು ನೋಯದೆ ಆಗುವ ಕೆಲಸವಲ್ಲ. ಕುಂಟೆ ಹೊಡೆಯುವುದು ತಡವಾಯಿತು, ಅಷ್ಟರಲ್ಲಿ ಅರಿಶಿನದಲ್ಲಿ ಕಳೆ ಏರಿತ್ತು, ಅದನ್ನು ಆ ಇಬ್ಬರೂ ಕೈಯಲ್ಲೇ ಕಿತ್ತರು. ನಾನೂ ಒಂದು ಬೆಳಿಗ್ಗೆ ಸಾಲಿಗೆ ಇಳಿದೆ. ಬೇಡ ಸಾ, ಗೆಡ್ಡೆ ತುಳೀತೀರಿ ಎಂದು ಪಕ್ಕದ ಮನೆಯವನು ಹೊರಗೆ ಕಳಿಸಿದ.

ಈ ವರ್ಷ ಹೊಸ ತಂಡದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಹಟ್ಟಿಗೆ ಹೋಗಿದ್ದೆ. ಹೋರಿ ಈಗ ಬಲಿತ ಎತ್ತು. ಬರೆ ಬಿದ್ದ ಜಾಗದಲ್ಲಿ ಕೂದಲು ಬಂದಿಲ್ಲ, ನುಣುಪಾದ ಬಿಳಿ ಚರ್ಮವಿದೆ. ಹೆಂಗಸೂ ಪಕ್ಕದ ಮನೆಯವನೂ ನಿಂತು ನೋಡುತ್ತಿದ್ದರು. ಈಗೀಗ ಊರಿನ ಅಂಗಳದಲ್ಲಿ ನಾನು ಏನೇ ಹೇಳಿದರೂ ಮೊದಲು ಕನ್ನಡದಲ್ಲಿ ಪೂರ್ತಿ ಹೇಳಿ ಮುಗಿಸುತ್ತೇನೆ. ಕೇರಳದವರಿಗೂ ಉತ್ತರದವರಿಗೂ ಆಮೇಲೆ.

ಕೈ ಚಾಚಿ ನಡೆಯುವ ಪರೀಕ್ಷೆಯನ್ನು ಒಬ್ಬ ಹುಡುಗಿ ಮಾಡಿದಳು. ಎತ್ತು ಅಲ್ಲಾಡಲಿಲ್ಲ, ಅವಳ ಬೆರಳು ಮೂಸಿತು. ಬರೆ ಹಾಕಿದ ಹೆಂಗಸು ಹತ್ತಿರ ಬಂದರೆ ಅವರ ಸೊಂಟಕ್ಕೆ ತಲೆ ಉಜ್ಜಿತು. ನೀವೂ ಒಂದು ಸಲ ಮಾಡಿ ತೋರಿಸಿ ಸಾರ್ ಎಂದು ಹುಡುಗರು ಕೇಳಿದರು. ಬೇಡ ಎನ್ನಬಹುದಿತ್ತು. ಕೈ ಚಾಚಿ ಹೊರಟೆ. ಇನ್ನೂ ಮೂರು ಮಾರು ದೂರವಿತ್ತು, ಎತ್ತು ಕಿವಿ ಹಿಂದಕ್ಕೆ ಹಾಕಿ, ಹಗ್ಗ ಬಿಗಿಯಾಗುವವರೆಗೂ ಹಿಂದೆ ಸರಿಯಿತು. ಸುಟ್ಟ ಕೈಯನ್ನು ಅದು ಮರೆತಿತ್ತು. ಸುಟ್ಟ ಜಾಗವನ್ನು ದಿನ ಬಿಟ್ಟು ದಿನ ಮುಟ್ಟಿದ ಕೈ ಮಾತ್ರ ಅದಕ್ಕೆ ನೆನಪಿತ್ತು.

ಹುಡುಗಿ ಫಾರಮಿನಲ್ಲಿ ದೂರ ಬರೆದುಕೊಂಡಳು. ಅದರ ಪಕ್ಕ ಕಾರಣ ಎಂಬ ಕಾಲಂ ಇದೆ. "ಇಲ್ಲಿ ಏನ್ ಬರೀಲಿ ಸಾರ್, ಅಜ್ಞಾನ ಅಂತಲಾ?" ಎಂದು ಕೇಳಿದಳು.

ನನ್ನ ಹೆಸರು ಬರಿ ಎಂದೆ. ಹುಡುಗರು ತಮಾಷೆಯೆಂದು ನಕ್ಕರು. ಹೆಂಗಸು ನಗಲಿಲ್ಲ. ಹುಡುಗಿ ಪೆನ್ನು ತೆಗೆದು ಬರೆದು ಮುಗಿಸುವವರೆಗೂ ನಾನು ಅಲ್ಲೇ, ಒಂದೇ ಕಡೆ, ಅಲ್ಲಾಡದೆ ನಿಂತಿದ್ದೆ.